‘ಸೇಮ್’ ಎಂದವರ ಜಾಗ

ಕಂಪ್ಯೂಟರಿಗೆ ವಾರ ಶುರುವಾಗುವುದು ಶುಕ್ರವಾರ. ಆಮೇಲೆ ಸೋಮವಾರ, ಅದಾದ ಮೇಲೆ ಶನಿವಾರ. ವರ್ಷ ಶುರುವಾಗುವುದು ಏಪ್ರಿಲ್‌ನಲ್ಲಿ, ಅದರ ಬೆನ್ನಿಗೆ ಆಗಸ್ಟ್, ಡಿಸೆಂಬರ್. ಇಂಗ್ಲಿಷ್ ಅಕ್ಷರಮಾಲೆಯಲ್ಲಿ ಯಾವುದು ಮೊದಲು ಬರುತ್ತದೋ ಅದೇ ಮೊದಲು. ನಾವು ಹೇಳಿಕೊಡುವ ತನಕ ಅದಕ್ಕೆ ಬೇರೆ ಲೋಕಜ್ಞಾನ ಇಲ್ಲ. ಅಂಕಿಅಂಶದ ಪ್ರೋಗ್ರಾಮಿಂಗ್ ಕೆಲಸಕ್ಕೆ ಹೊಸದಾಗಿ ಸೇರಿದವರು ನನ್ನನ್ನು ಏನಾದರೂ ಬುದ್ಧಿಮಾತು ಕೇಳಿದರೆ ನಾನು ಹೇಳುವುದು ಇದನ್ನೇ. ಅವರು ನಗುತ್ತಾರೆ. ಇದೊಂದು ದೊಡ್ಡ ವಿಷಯವೇ ಆಂಟಿ, ಒಂದು ಸಾಲಿನಲ್ಲಿ ಸರಿಮಾಡಬಹುದಲ್ಲ ಎನ್ನುತ್ತಾರೆ. ಹೌದು, ಒಂದೇ ಸಾಲು. ಆ ಒಂದು ಸಾಲನ್ನು ಬರೆಯುತ್ತಾ, ಬೇರೆಯವರು ಬರೆಯದೆ ಬಿಟ್ಟದ್ದನ್ನು ಹುಡುಕುತ್ತಾ ನನ್ನ ಆಯುಷ್ಯ ಕಳೆಯಿತು. ಅದರಿಂದ ಲೋಕಕ್ಕೆ ಏನಾಯಿತು ಎಂದು ಕೇಳಿದರೆ ಹೆಮ್ಮೆಯಿಂದ ಹೇಳಿಕೊಳ್ಳುವಂಥದ್ದು ನನ್ನ ಬಳಿ ಇಲ್ಲ.

ತೊಂಬತ್ತರ ದಶಕದ ಆರಂಭದಲ್ಲಿ ನಾನು ಒಂದು ಸರ್ವೆ ಕಂಪನಿಗೆ ಸೇರಿದೆ. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಸೀರೆ ಅಂಗಡಿಯೊಂದರ ಮೇಲಿನ ಮಹಡಿ ನಮ್ಮ ಆಫೀಸು. ಸೋಪು, ಟೂತ್‌ಪೇಸ್ಟು, ಟಿವಿ ಕಾರ್ಯಕ್ರಮ, ಯಾವುದರ ಬಗ್ಗೆ ಬೇಕಾದರೂ ನಮ್ಮ ಹುಡುಗರು ಮನೆಮನೆಗೆ ಹೋಗಿ ಪ್ರಶ್ನೆ ಕೇಳಿ ಬರುತ್ತಿದ್ದರು. ಅವರು ತಂದ ಉತ್ತರಗಳನ್ನು ಕೋಷ್ಟಕ ಮಾಡಿ ಕೊಡುವುದು ನಮ್ಮ ವಿಭಾಗದ ಕೆಲಸ. ಬಡ್ತಿಗಳ ಕಥೆ ಬಿಡಿ. ಕೈಯಿಲ್ಲದ ಕುರ್ಚಿ ಹೋಗಿ ಕೈಯಿರುವ ಕುರ್ಚಿ ಬಂತು, ಅಷ್ಟೇ.

ನಮ್ಮ ವಿಭಾಗದ ಮುಖ್ಯಸ್ಥರು ಶ್ರೀಕಂಠಯ್ಯ. ಬಸವನಗುಡಿಯವರು, ನಶ್ಯ ಹಾಕುತ್ತಿದ್ದರು, ಯಾರನ್ನೂ ಹೊಗಳಿದ್ದನ್ನು ನಾನು ಕೇಳಿಲ್ಲ. ಅವರ ಕಟ್ಟಳೆ ಒಂದೇ: ಉತ್ತರದ ಮಾತು ಕಂಪ್ಯೂಟರಿನ ಒಳಗೆ ಹೋಗಕೂಡದು, ಅದರ ಸಂಖ್ಯೆ ಮಾತ್ರ ಹೋಗಬೇಕು. ಓದು ಬಾರದವರಿಗೆ ಒಂದು, ಪ್ರೈಮರಿಗೆ ಎರಡು, ಹೈಸ್ಕೂಲಿಗೆ ಮೂರು, ಡಿಗ್ರಿಗೆ ನಾಲ್ಕು. ಮೊದಲು ನಾವು ಕೂತು ಯಾವುದರ ಮೇಲೆ ಯಾವುದು ಎಂದು ನಿರ್ಧರಿಸಬೇಕು, ಪ್ರಶ್ನಾವಳಿಯ ಅಂಚಿನಲ್ಲಿ ಕೆಂಪು ಪೆನ್ನಿನಿಂದ ಸಂಖ್ಯೆ ಬರೆಯಬೇಕು, ಆಮೇಲೆ ಟೈಪು. ಮಾತುಗಳು ಕೊನೆಗೆ, ಕೋಷ್ಟಕ ಅಚ್ಚಾಗುವಾಗ ಮಾತ್ರ ಬಂದು ಅಂಟಿಕೊಳ್ಳುತ್ತಿದ್ದವು. ಈ ಕೆಲಸಕ್ಕೆಂದೇ ಕೋಡಿಂಗ್ ಕೋಣೆ ಎಂದು ಒಂದು ಕೋಣೆ ಇತ್ತು. ಅಲ್ಲಿ ಕೂತವರ ಬೆರಳೆಲ್ಲ ಕೆಂಪು.

ಒಮ್ಮೆ ಮುಂಬೈಯಿಂದ ಬಂದ ಗಿರಾಕಿಯೊಬ್ಬರು ನಮ್ಮ ಚಾರ್ಟು ನೋಡಿ, ಕಂಬಗಳನ್ನು ಎತ್ತರದ ಪ್ರಕಾರ ಜೋಡಿಸಿದರೆ ಅಂದವಾಗಿ ಕಾಣುತ್ತದೆ ಎಂದರು. ಓದಿನ ಮಟ್ಟದ ಚಾರ್ಟು ಅದು. ಹಾಗೆ ಜೋಡಿಸಿದರೆ ಹೈಸ್ಕೂಲು, ಓದು ಬಾರದವರು, ಡಿಗ್ರಿ, ಪ್ರೈಮರಿ ಎಂದಾಗುತ್ತಿತ್ತು. ಶ್ರೀಕಂಠಯ್ಯ ಮೂಗು ಒರೆಸಿಕೊಂಡು ಹೇಳಿದರು: “ಸಾರ್, ಮದುವೆ ಮನೇಲಿ ಫೋಟೋಗೆ ಎತ್ತರ ನೋಡಿ ನಿಲ್ಲಿಸ್ತಾರೆ. ನೋಡೋಕೆ ಚೆನ್ನಾಗಿರತ್ತೆ. ಯಾರು ಅಜ್ಜ, ಯಾರು ಮೊಮ್ಮಗ ಅಂತ ಗೊತ್ತಾಗಲ್ಲ.” ಗಿರಾಕಿ ಒಪ್ಪಲಿಲ್ಲ. ನಮ್ಮ ಎಂಡಿ ಒಪ್ಪಿಕೊಂಡರು. ಚಾರ್ಟು ಎತ್ತರದ ಪ್ರಕಾರವೇ ಹೋಯಿತು. ನಾನು ನೋಡಿದ ಮೊದಲ ಸೋಲು ಅದು, ಇಂಥದ್ದಕ್ಕೆಲ್ಲ ಬೇಜಾರು ಮಾಡಿಕೊಳ್ಳಬಾರದು ಎಂದುಕೊಂಡಿದ್ದೆ.

ಇನ್ನೊಂದು ಐಸ್‌ಕ್ರೀಮಿನದು. ಗಿರಾಕಿಯ ಕಡೆಯವರೇ ತಿಂಗಳ ಹೆಸರುಗಳನ್ನು ಇಂಗ್ಲಿಷಿನಲ್ಲಿ ಟೈಪು ಮಾಡಿ ತಂದಿದ್ದರು, ಅವಸರ ಅವಸರವಾಗಿ ಅವರ ಕಂಪ್ಯೂಟರಿನಲ್ಲೇ ಗ್ರಾಫು ಹಾಕಿಸಿದ್ದರು. ಏಪ್ರಿಲ್‌ನಲ್ಲಿ ಏರಿದ ಗೆರೆ ಆಗಸ್ಟ್‌ನಲ್ಲಿ ಬಿದ್ದು, ಡಿಸೆಂಬರಿನಲ್ಲಿ ತೆವಳಿ, ಎಲ್ಲೋ ಮಧ್ಯದಲ್ಲಿ ಮೇ ತಿಂಗಳು ಬಂದಾಗ ಮತ್ತೆ ನೆಗೆದಿತ್ತು. ಇಸಿಜಿ ಹಾಗೆ ಕಾಣುತ್ತಿತ್ತು. ಅವರ ಮಾರ್ಕೆಟಿಂಗ್ ಅಧಿಕಾರಿ ಅದರ ಮುಂದೆ ನಿಂತು, ಗ್ರಾಹಕರ ಮನಸ್ಸು ಹೇಗೆ ಅಲೆಅಲೆಯಾಗಿ ಏರಿಳಿಯುತ್ತದೆ ಎಂದು ಕಡ್ಡಿ ಹಿಡಿದು ವಿವರಿಸಿದರು. ಎಲ್ಲರೂ ತಲೆಯಾಡಿಸಿದರು. ಕೆಳಗೆ ತಿಂಗಳ ಹೆಸರುಗಳನ್ನು ಒಬ್ಬರೂ ಓದಲಿಲ್ಲ. ಊಟಕ್ಕೆ ಎದ್ದಾಗ ನಾನು ಮೆಲ್ಲಗೆ ಹೇಳಿದೆ. ಆ ಅಧಿಕಾರಿ ನನ್ನನ್ನು ನೋಡಿ, “ಓವರಾಲ್ ಪಾಯಿಂಟ್ ಅದೇ ಅಲ್ವಾ ಮೇಡಂ” ಅಂದರು. ಕ್ರಮ ತಪ್ಪಿದ ಗ್ರಾಫಿಗೂ ಜನ ಅರ್ಥ ಕಟ್ಟುತ್ತಾರೆ, ಬೇಕಾದರೆ ಅದಕ್ಕೆ ಹೆಚ್ಚೇ ಕಟ್ಟುತ್ತಾರೆ ಎಂದು ಆವತ್ತು ಗೊತ್ತಾಯಿತು.

ಶ್ರೀಕಂಠಯ್ಯ ನಿವೃತ್ತರಾದರು. ಎರಡು ಸಾವಿರ ಇಸವಿ ದಾಟಿದ ಮೇಲೆ ಕಂಪನಿ ಜೆಪಿ ನಗರದ ಗಾಜಿನ ಕಟ್ಟಡಕ್ಕೆ ಹೋಯಿತು, ಕೋಡಿಂಗ್ ಕೋಣೆ ಮುಚ್ಚಿತು. ಹೊಸ ಮುಖ್ಯಸ್ಥರಾಗಿ ಬಂದವರು ಸುಧೀಂದ್ರ. ನನಗಿಂತ ಚಿಕ್ಕವರು, ಚುರುಕು, ಕೆಟ್ಟ ಮನುಷ್ಯ ಅಲ್ಲ. ಅವರು ‘ಆರ್’ ಎಂಬ ಬಿಟ್ಟಿ ಸಿಗುವ ಭಾಷೆ ತಂದರು. ಸಂಖ್ಯೆ ಬರೆಯುವ ಗೋಜು ಬೇಡ, ಹುಡುಗರು ಉತ್ತರವನ್ನು ಇಂಗ್ಲಿಷ್ ಮಾತಿನಲ್ಲೇ ಟೈಪು ಮಾಡಲಿ, ಆರ್ ತಾನೇ ಅದನ್ನು ವರ್ಗಗಳಾಗಿ ಮಾಡಿಕೊಳ್ಳುತ್ತದೆ ಎಂದರು. ನಿಜವೇ, ಮಾಡಿಕೊಳ್ಳುತ್ತಿತ್ತು. ಪ್ರತಿ ಮಾತಿಗೂ ಒಂದು ಸಂಖ್ಯೆಯನ್ನು ಒಳಗೊಳಗೇ ಕೊಟ್ಟುಕೊಳ್ಳುತ್ತಿತ್ತು. ಆ ಸಂಖ್ಯೆ ಅಕ್ಷರಮಾಲೆಯ ಪ್ರಕಾರದ್ದು. ಬೇರೆ ಕ್ರಮ ಬೇಕಾದರೆ, ‘ಲೆವೆಲ್ಸ್’ ಎಂದು ಬರೆದು ಯಾವುದರ ನಂತರ ಯಾವುದು ಎಂದು ನಾವೇ ಹೇಳಬೇಕು. ಹೇಳದಿದ್ದರೆ ಅದು ಕೇಳುವುದೂ ಇಲ್ಲ, ಎಚ್ಚರಿಸುವುದೂ ಇಲ್ಲ.

ನಾನು ಹೇಳಬೇಕೆಂದಿರುವ ಕೇಸು ಆ ಕಾಲದ್ದು. ಒಂದು ದತ್ತಿ ಸಂಸ್ಥೆ ಊರಿನ ನಾನಾ ಕಡೆ ಬಡವರಿಗಾಗಿ ಫಿಸಿಯೋಥೆರಪಿ ಕೇಂದ್ರಗಳನ್ನು ನಡೆಸುತ್ತಿತ್ತು. ವರ್ಷಕ್ಕೊಮ್ಮೆ ನಾವು ಪ್ರತಿ ಕೇಂದ್ರದ ರೋಗಿಗಳನ್ನು ಹೋದ ವರ್ಷಕ್ಕಿಂತ ಹೇಗಿದ್ದೀರಿ ಎಂದು ಕೇಳಿ, ಉತ್ತರಗಳ ಸಂಖ್ಯೆಗಳ ಸರಾಸರಿಯನ್ನು ನೂರರ ಲೆಕ್ಕಕ್ಕೆ ತಂದು, ಕೇಂದ್ರಕ್ಕೊಂದು ಅಂಕ ಹಾಕಿ ಕೊಡಬೇಕು. ಅಂಕ ಕಡಿಮೆ ಇದ್ದಷ್ಟೂ ಒಳ್ಳೆಯದು. ಅಂಕ ಕೆಟ್ಟ ಕೇಂದ್ರವನ್ನು ಸಂಸ್ಥೆ ಮುಚ್ಚುತ್ತಿತ್ತು.

ಮೊದಲ ವರ್ಷ ಉತ್ತರಗಳು ಮೂರು: ಬೆಟರ್, ಸೇಮ್, ವರ್ಸ್. ಬಿ, ಎಸ್, ಡಬ್ಲ್ಯೂ. ಅಕ್ಷರಮಾಲೆಯೂ ರೋಗದ ಕ್ರಮವೂ ಪೂರಾ ಒಂದೇ. ಯಾರೂ ಏನೂ ಹೇಳಿಕೊಡದೆ ಎಲ್ಲ ಸರಿಯಾಗಿ ಬಂತು. ಸುಧೀಂದ್ರ ಖುಷಿಯಾಗಿ, “ನೋಡಿದ್ರಾ ಪದ್ಮಾ ಮೇಡಂ, ಅದಕ್ಕೆ ಗೊತ್ತಾಗತ್ತೆ” ಅಂದರು. ಅದಕ್ಕೆ ಏನೂ ಗೊತ್ತಾಗಿಲ್ಲ, ಅದೃಷ್ಟ ಅಷ್ಟೇ ಎಂದೆ. ಹಳೇ ಕಾಲದವರ ಗೊಣಗಾಟ ಎಂದು ನಕ್ಕರು.

ಎರಡನೇ ವರ್ಷ ಆ ಕೆಲಸ ನನ್ನ ಕೈಯಲ್ಲಿರಲಿಲ್ಲ, ನನ್ನನ್ನು ಟಿವಿ ಸರ್ವೆಗೆ ಹಾಕಿದ್ದರು. ಆ ವರ್ಷ ಸಂಸ್ಥೆ ಮೂರರ ಬದಲು ಐದು ಉತ್ತರ ಬೇಕೆಂದಿತು. ಮಚ್ ಬೆಟರ್, ಮಚ್ ವರ್ಸ್ ಎರಡು ಸೇರಿದವು. ಪ್ರೋಗ್ರಾಮ್ ಮಾತ್ರ ಹಿಂದಿನ ವರ್ಷದ್ದೇ ಓಡಿತು, ಯಾಕೆಂದರೆ ಅದು ಸರಿಯಾಗಿತ್ತಲ್ಲ.

ರಿಪೋರ್ಟು ಹೋಗಿ ಕೆಲವು ದಿನಗಳಾದ ಮೇಲೆ ನಮ್ಮ ಆಫೀಸಿಗೆ ಗಿರಿಜಾ ಬಂದಳು. ಹುಳಿಮಾವಿನ ಕೇಂದ್ರದ ಫಿಸಿಯೋಥೆರಪಿಸ್ಟ್ ಅವಳು, ಗದಗಿನ ಕಡೆಯವಳು, ಬಿಟಿಎಂನಲ್ಲಿ ಬಾಡಿಗೆಗಿದ್ದಳು. ರಿಸೆಪ್ಷನ್ನಿನಲ್ಲಿ ಯಾರೂ ಅವಳನ್ನು ಮಾತಾಡಿಸದೆ ಕೂರಿಸಿದ್ದರು. ನಾನು ಕಾಫಿಗೆ ಹೊರಟವಳು ಕೇಳಿದೆ.

“ನಮ್ಮ ಸೆಂಟರ್ ಅಂಕ ಎಲ್ಲಾಕ್ಕಿಂತ ಕೆಟ್ಟ ಬಂದೈತ್ರಿ ಮೇಡಂ. ಮುಚ್ಚತೀವಿ ಅಂತ ಹೇಳ್ಯಾರ,” ಅಂದಳು. “ನಮ್ಮ ಪೇಶಂಟ್‌ಗಳು ಹೋದ ವರ್ಷಕ್ಕಿಂತ ಕೆಟ್ಟಿಲ್ರಿ. ದಿನಾ ನಾನ ನೋಡ್ತೀನಲ್ಲ. ಅಂಕ ಹೆಂಗ ಕೆಡ್ತು ಅಂತ ಕೇಳಾಕ ಬಂದೀನಿ.”

ಅವಳನ್ನು ನನ್ನ ಮೇಜಿನ ಹತ್ತಿರ ಕೂರಿಸಿಕೊಂಡು ಆ ಫೈಲು ತೆರೆದೆ. ನೋಡಲು ಬಹಳ ಹೊತ್ತು ಬೇಕಾಗಲಿಲ್ಲ. ಬೆಟರ್ ಒಂದು, ಮಚ್ ಬೆಟರ್ ಎರಡು, ಮಚ್ ವರ್ಸ್ ಮೂರು, ಸೇಮ್ ನಾಲ್ಕು, ವರ್ಸ್ ಐದು. ತುಂಬಾ ಹದಗೆಟ್ಟವರು ಮಧ್ಯದಲ್ಲಿ ಆರಾಮಾಗಿ ಕೂತಿದ್ದರು. ಹಾಗೇ ಇದ್ದೇನೆ ಎಂದವರು ಅವರಿಗಿಂತ ಕೆಳಗೆ ಬಿದ್ದಿದ್ದರು. ಉಳಿದ ಕೇಂದ್ರಗಳಿಗೆ ಬರುವವರು ಹೆಚ್ಚಾಗಿ ಕೈಕಾಲು ಮುರಿದುಕೊಂಡವರು. ಅವರು ಬೆಟರ್ ಆಗಿ ಹೋಗುತ್ತಾರೆ, ಅವರ ಅಂಕಕ್ಕೆ ಏನೂ ಆಗಿರಲಿಲ್ಲ. ಹುಳಿಮಾವಿನಲ್ಲಿ ಮಾತ್ರ ಹೆಚ್ಚಿನವರ ಉತ್ತರ ಸೇಮ್. ಕ್ರಮ ತಪ್ಪಿದ್ದರ ಏಟು ಪೂರಾ ಅವರ ಮೇಲೆ ಬಿದ್ದಿತ್ತು.

ಮರುದಿನ ಗಿರಿಜಾಳ ಜೊತೆ ಬನ್ನೇರುಘಟ್ಟ ರಸ್ತೆಯ ಬಸ್ಸು ಹತ್ತಿ ಕೇಂದ್ರಕ್ಕೆ ಹೋದೆ. ನನ್ನ ಕೆಲಸ ಅದಲ್ಲ, ಆದರೂ ಹೋದೆ. ಮನೆಯೊಂದರ ಕೆಳಭಾಗ. ಗೋಡೆಯ ಉದ್ದಕ್ಕೂ ಹಿಡಿದು ನಡೆಯಲು ಕಬ್ಬಿಣದ ಸರಳು, ನೆಲದ ಮೇಲೆ ಚಾಪೆ. ಅಲ್ಲಿ ರಾಜಣ್ಣ ಎಂಬವರ ಪರಿಚಯವಾಯಿತು. ತಿಲಕ್ ನಗರದಲ್ಲಿ ದರ್ಜಿಯಾಗಿದ್ದವರು. ಸ್ನಾಯುಗಳು ವರ್ಷವರ್ಷಕ್ಕೂ ಸಣ್ಣಗಾಗುತ್ತಾ ಹೋಗುವ ಕಾಯಿಲೆ ಅವರಿಗೆ, ಅಲ್ಲಿಗೆ ಬರುವ ಹೆಚ್ಚಿನವರಿಗೂ ಅದೇ.

“ನಿಮ್ಮ ಹುಡುಗ ಬಂದು ಕೇಳಿದ್ದ. ಸೇಮ್ ಅಂತ ಬರ್ಕೋ ಅಂದೆ,” ಎಂದರು. “ಶರ್ಟಿನ ಬಟನ್ ಇನ್ನೂ ನಾನೇ ಹಾಕ್ಕೊಂತೀನಿ ಮೇಡಂ. ಟೈಮ್ ಹಿಡಿಯತ್ತೆ, ಆದ್ರೂ ನಾನೇ.”

ಹೊರಗೆ ಬಂದ ಮೇಲೆ ಗಿರಿಜಾ ಹೇಳಿದಳು: “ಈ ರೋಗದಾಗ ಬೆಟರ್ ಅನ್ನೂದ ಇಲ್ರಿ. ಹೋದ ವರ್ಷ ಹೆಂಗಿದ್ರೋ ಈ ವರ್ಷಾನೂ ಹಂಗ ಅದಾರ ಅಂದ್ರ, ಅದ ಎಲ್ಲಾಕ್ಕಿಂತ ಮ್ಯಾಲಿಂದು. ವಾರಕ್ಕ ಮೂರು ಸಲ ಕೈಕಾಲು ಆಡಿಸಿ, ಉಸಿರಿನ ವ್ಯಾಯಾಮ ಮಾಡಿಸಿದ್ರ ಇಷ್ಟು ಉಳೀತದ. ಬಿಟ್ರ ಇಲ್ಲ.”

ನಾನು ಕೋಷ್ಟಕದ ಕಡೆಯಿಂದ ಬಂದವಳು. ಬೆಟರ್, ಸೇಮ್, ವರ್ಸ್ ಎಂದರೆ ಮೇಲೆ, ಮಧ್ಯ, ಕೆಳಗೆ ಎಂದು ಎರಡನೇ ಯೋಚನೆ ಇಲ್ಲದೆ ನಂಬಿದ್ದವಳು. ಬಸ್ಸಿನಲ್ಲಿ ವಾಪಸ್ ಬರುವಾಗ, ಸರಿಯಾದ ಕ್ರಮ ಎಂದು ನಾನು ಯಾವುದನ್ನು ತಿದ್ದಲು ಹೊರಟಿದ್ದೇನೋ ಅದೂ ರಾಜಣ್ಣನವರಿಗೆ ಸರಿಯಲ್ಲ ಎನ್ನುವುದು ಹೊಳೆಯಿತು. ಆದರೆ ಆಗ ನನಗೆ ಮಾಡಲು ಬರುತ್ತಿದ್ದದ್ದು ಅಷ್ಟೇ. ಇದ್ದದ್ದನ್ನು ತಿದ್ದಿದರೆ ಕೇಂದ್ರದ ಅಂಕ ಹೋದ ವರ್ಷದ ಮಟ್ಟಕ್ಕಾದರೂ ಬರುತ್ತಿತ್ತು. ಅದು ಮುಚ್ಚದೆ ಉಳಿಯಲು ಅದು ಸಾಕು ಎಂದುಕೊಂಡೆ.

ಸುಧೀಂದ್ರರಿಗೆ ತೋರಿಸಿದೆ. ಅವರ ಮುಖ ಇಳಿಯಿತು. “ರಿಪೋರ್ಟ್ ಹೋಗಾಗಿದೆ ಮೇಡಂ. ಈಗ ತಪ್ಪು ಅಂದ್ರೆ ನಮ್ಮ ಹಳೇದನ್ನೆಲ್ಲಾ ಅನುಮಾನ ಪಡ್ತಾರೆ,” ಅಂದರು. ನಾನು ಎದ್ದು ಹೋಗಲಿಲ್ಲ. ಅವರ ಎದುರು ಕುರ್ಚಿಯಲ್ಲೇ ಕೂತು, ಆ ಐದು ಸಾಲುಗಳನ್ನು ಅವರ ಕಡೆಗೆ ತಿರುಗಿಸಿ ಇಟ್ಟೆ. ಕೊನೆಗೆ ಅವರೇ, “ಸರಿ, ತಿದ್ದಿ ಕಳಿಸೋಣ. ನೀವೇ ಬನ್ನಿ ಮೀಟಿಂಗ್‌ಗೆ,” ಅಂದರು. ಆ ಮನುಷ್ಯನ ಬಗ್ಗೆ ಈ ಮಾತನ್ನೂ ಹೇಳಬೇಕು, ಹೇಳಿದ್ದೇನೆ.

ಆ ಒಂದು ಸಾಲು ಬರೆದೆ. ಮಚ್ ಬೆಟರ್, ಬೆಟರ್, ಸೇಮ್, ವರ್ಸ್, ಮಚ್ ವರ್ಸ್. ಅಂಕ ನಾನು ಅಂದುಕೊಂಡ ಹಾಗೇ ಹೋದ ವರ್ಷದ ಮಟ್ಟಕ್ಕೆ ಬಂತು. ಎಲ್ಲರಿಗೂ ಅರ್ಥವಾಗಲಿ ಎಂದು ಈ ಸಲ ಬರೀ ಅಂಕ ಕೊಡದೆ ಐದು ಕಂಬಗಳ ಚಾರ್ಟನ್ನೂ ಸೇರಿಸಿದೆ.

ಮೀಟಿಂಗಿಗೆ ಸಂಸ್ಥೆಯ ಕಡೆಯಿಂದ ಬಂದವರು ಮಧ್ಯವಯಸ್ಸಿನ ಹೆಂಗಸು, ಖಾದಿ ಸೀರೆ, ಮೆಲುಮಾತು. ನಮ್ಮ ತಪ್ಪನ್ನು ಕೇಳಿಸಿಕೊಂಡು ಸಿಟ್ಟಾಗಲಿಲ್ಲ, ಪ್ರಾಮಾಣಿಕವಾಗಿ ಬಂದು ಹೇಳಿದಿರಲ್ಲ ಎಂದು ಥ್ಯಾಂಕ್ಸ್ ಹೇಳಿದರು. ನನ್ನ ಎದೆ ಹಗುರವಾಯಿತು. ಆಮೇಲೆ ಅವರು ಹುಳಿಮಾವಿನ ಚಾರ್ಟನ್ನು ಹತ್ತಿರಕ್ಕೆ ಎಳೆದುಕೊಂಡರು. ಆಚೆಗೂ ಈಚೆಗೂ ಮೋಟು ಕಂಬಗಳು, ನಟ್ಟನಡುವೆ ಸೇಮ್ ಎಂಬ ಒಂದು ಕಂಬ ಎಲ್ಲವನ್ನೂ ಮೀರಿ ನಿಂತಿತ್ತು.

“ಅಂದ್ರೆ ಇಲ್ಲಿ ಬಹಳ ಜನಕ್ಕೆ ಏನೂ ಬದಲಾವಣೆ ಆಗಿಲ್ಲ,” ಅಂದರು.

ನಾನು ರೋಗದ ಬಗ್ಗೆ ಹೇಳಿದೆ, ಈ ಜನಕ್ಕೆ ಸೇಮ್ ಎಂದರೆ ಗೆಲುವು ಎಂದು ಹೇಳಿದೆ. ರಾಜಣ್ಣನವರ ಬಗ್ಗೆಯೂ ಹೇಳಿದೆ. ಅವರು ಕೇಳಿಸಿಕೊಂಡರು, ನಿಜವಾಗಿ ಕೇಳಿಸಿಕೊಂಡರು. “ನೀವು ಹೇಳೋದು ಅರ್ಥ ಆಗತ್ತೆ. ಆದ್ರೆ ಇದನ್ನ ನಮ್ಮ ಬೋರ್ಡ್ ಮುಂದೆ ಇಟ್ರೆ, ಈ ದುಡ್ಡಲ್ಲಿ ಇನ್ನೊಂದು ಕಡೆ ಇಷ್ಟು ಜನ ಬೆಟರ್ ಆಗ್ತಾರಲ್ಲ ಅಂತಾರೆ,” ಅಂದರು. ಹೋದ ವರ್ಷ ಅವರು ಬರೀ ಅಂಕ ನೋಡಿದ್ದರು, ಕೇಂದ್ರ ಉಳಿದಿತ್ತು. ಈ ವರ್ಷ ಕಂಬ ನೋಡಿದರು. ಆ ಚಾರ್ಟು ಸೇರಿಸಿದ್ದು ನಾನು.

ಕೇಂದ್ರ ಮುಚ್ಚಿತು. ಕಬ್ಬಿಣದ ಸರಳುಗಳನ್ನು ಬೇರೆ ಕೇಂದ್ರಕ್ಕೆ ಸಾಗಿಸಿದರು. ಗಿರಿಜಾ ಬಿಟಿಎಂನ ಒಂದು ಖಾಸಗಿ ಆಸ್ಪತ್ರೆ ಸೇರಿಕೊಂಡಳು. ಭಾನುವಾರಗಳಲ್ಲಿ ರಾಜಣ್ಣನವರ ಮನೆಗೂ ಇನ್ನು ಕೆಲವರ ಮನೆಗೂ ಹೋಗಿ ಕೈಕಾಲು ಆಡಿಸಿ ಬರುತ್ತಿದ್ದಳು ಎಂದು ಆಮೇಲೆ ತಿಳಿಯಿತು. ವಾರಕ್ಕೆ ಒಂದು ಸಲ ಸಾಲದು ಎಂದು ಅವಳಿಗೂ ಗೊತ್ತಿತ್ತು.

ಮರುವರ್ಷ ಸಂಸ್ಥೆಯವರು ಮತ್ತೆ ಬಂದರು. ಕೇಂದ್ರ ಮುಚ್ಚಿದ್ದರಿಂದ ಆ ರೋಗಿಗಳಿಗೆ ತೊಂದರೆಯಾಗಿದೆಯೇ ಎಂದು ತಿಳಿಯಬೇಕಂತೆ. ಆ ಹೆಂಗಸೇ ಹಟಮಾಡಿ ಈ ಸರ್ವೆ ಮಾಡಿಸಿದ್ದರು. ತೊಂದರೆ ಆಗಿದೆ ಎಂದು ಅಂಕ ಹೇಳಿದರೆ ಮತ್ತೆ ತೆರೆಯಲು ಬೋರ್ಡನ್ನು ಒಪ್ಪಿಸುತ್ತೇನೆ ಎಂದಿದ್ದರು. ಈ ಸಲ ಕೆಲಸವನ್ನು ನಾನು ಕೇಳಿ ತೆಗೆದುಕೊಂಡೆ. ವಿಳಾಸ ಹುಡುಕಲು ಗಿರಿಜಾ ಸಹಾಯ ಮಾಡಿದಳು. ಹುಳಿಮಾವು, ಬೇಗೂರು, ತಿಲಕ್ ನಗರ ಎಲ್ಲ ಕಡೆ ನಮ್ಮ ಹುಡುಗರು ಅಲೆದರು.

ಕೆಲವು ಮನೆಗಳಲ್ಲಿ ಉತ್ತರ ಹೇಳಲು ರೋಗಿಯೇ ಇರಲಿಲ್ಲ. ರಾಜಣ್ಣನವರ ಹೆಂಡತಿ ನಮ್ಮ ಹುಡುಗನಿಗೆ ಕಾಫಿ ಕೊಟ್ಟು, ಮಳೆಗಾಲದಲ್ಲಿ ಕಫ ಕಟ್ಟಿ ತೀರಿಕೊಂಡರು ಎಂದು ಹೇಳಿ ಕಳಿಸಿದ್ದರು. ಹುಡುಗ ಉತ್ತರದ ಜಾಗವನ್ನು ಖಾಲಿ ಬಿಟ್ಟು ಬಂದಿದ್ದ. ಖಾಲಿ ಬಿಟ್ಟದ್ದನ್ನು ಆರ್ ಕೋಷ್ಟಕದಲ್ಲಿ ತೋರಿಸುವುದೇ ಇಲ್ಲ, ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ನಾನು ಮಚ್ ವರ್ಸ್ ನಂತರ ಆರನೆಯದಾಗಿ ಒಂದು ವರ್ಗ ಸೇರಿಸಿದೆ: ತೀರಿಕೊಂಡವರು. ಅಂಕ ಏರಿ ತೀರಾ ಕೆಟ್ಟಿತು. ಕೆಡಬೇಕಾದದ್ದೇ.

ಸುಧೀಂದ್ರ ಅದನ್ನು ನೋಡಿ ಆರನೇ ಸಾಲಿನ ಮೇಲೆ ಬೆರಳಿಟ್ಟರು. “ಮೇಡಂ, ಪ್ರಶ್ನೆ ಇರೋದು ಹೇಗಿದ್ದೀರಿ ಅಂತ. ತೀರ್ಕೊಂಡೋರು ರೆಸ್ಪಾಂಡೆಂಟ್ ಅಲ್ಲ, ಅವ್ರು ಉತ್ತರ ಕೊಟ್ಟಿಲ್ಲ. ಅವ್ರನ್ನ ಸ್ಕೇಲ್ ಒಳಗೆ ಹಾಕೋಕೆ ಆಗಲ್ಲ. ಎಲ್ಲಾ ಕಡೆ ಇರೋ ನಿಯಮ ಇದು, ನಿಮಗೇ ಗೊತ್ತು.”

“ಹಾಗಾದ್ರೆ ಅಡಿಯಲ್ಲಿ ಒಂದು ಮಾತು ಬರೀರಿ,” ಎಂದೆ.

“ಸಂಪರ್ಕಕ್ಕೆ ಸಿಗದವರನ್ನು ಬಿಟ್ಟಿದೆ ಅಂತ ಹಾಕ್ತೀನಿ,” ಅಂದರು. ಅದಕ್ಕಿಂತ ಹೆಚ್ಚು ಹಾಕಲು ನಾನು ಎಷ್ಟು ಜಗಳವಾಡಿದರೂ ಒಪ್ಪಲಿಲ್ಲ. ಸಂಸ್ಥೆಯ ಆ ಹೆಂಗಸಿಗೆ ನಾನೇ ಫೋನು ಮಾಡಿದೆ. ಅವರನ್ನು ಅಷ್ಟರಲ್ಲಿ ಬೇರೆ ವಿಭಾಗಕ್ಕೆ ಹಾಕಿದ್ದರು.

ತೀರಿಕೊಂಡವರನ್ನು ತೆಗೆದ ಮೇಲೆ ಉಳಿದವರು, ಇನ್ನೂ ಗಟ್ಟಿಯಾಗಿದ್ದವರು. ಅವರಲ್ಲಿ ಬಹಳ ಮಂದಿ ಸೇಮ್ ಎಂದಿದ್ದರು. ಅಂಕ ಹಿಂದಿನ ವರ್ಷಕ್ಕಿಂತ ಚೂರು ಒಳ್ಳೆಯದಾಗಿಯೇ ಬಂತು. ಕೇಂದ್ರವನ್ನು ಮುಚ್ಚಿದ್ದರಿಂದ ಫಲಾನುಭವಿಗಳ ಸ್ಥಿತಿಯಲ್ಲಿ ಹಿನ್ನಡೆ ಕಂಡುಬಂದಿಲ್ಲ ಎಂದು ಸುಧೀಂದ್ರ ರಿಪೋರ್ಟಿನಲ್ಲಿ ಬರೆದರು. ಕೇಂದ್ರ ಮತ್ತೆ ತೆರೆಯುವ ಮಾತು ಅಲ್ಲಿಗೆ ಮುಗಿಯಿತು.

ಗಿರಿಜಾ ಫೋನು ಮಾಡಿದಳು. ಅಂಕ ಹೇಳಿದೆ. ಅವಳಿಗೆ ನಂಬಿಕೆಯಾಗಲಿಲ್ಲ.

“ರಾಜಣ್ಣನ್ನ ಯಾವ ಸಾಲಿನ್ಯಾಗ ಇಟ್ಟೀರಿ ಮೇಡಂ?”

“ಯಾವುದ್ರಲ್ಲೂ ಇಲ್ಲ ಗಿರಿಜಾ.”

ಆ ಕಡೆ ಆಸ್ಪತ್ರೆಯ ಗಲಾಟೆ ಕೇಳುತ್ತಿತ್ತು. “ಹಂಗಂದ್ರ, ಇನ್ನೂ ನಾಲ್ಕು ಮಂದಿ ಸತ್ತಿದ್ರ ನಮ್ಮ ಸೆಂಟರ್ ಅಂಕ ಇನ್ನೂ ಚಲೋ ಬರ್ತಿತ್ತೇನ್ರಿ?” ಎಂದು ಕೇಳಿದಳು. ವ್ಯಂಗ್ಯಕ್ಕೆ ಕೇಳಿದ್ದಲ್ಲ. ತಿಳಿದುಕೊಳ್ಳಲು ಕೇಳಿದ್ದು.

ಹೌದು ಎಂದೆ. ಅವಳು ಫೋನು ಇಟ್ಟಳು.

ಆಮೇಲೂ ನಾನು ಅದೇ ಕೆಲಸದಲ್ಲಿ ನಿವೃತ್ತಿಯ ತನಕ ಇದ್ದೆ. ಹೊಸಬರು ಆ ರಿಪೋರ್ಟನ್ನು ಮಾದರಿ ಎಂದು ತೆಗೆದು ನೋಡುತ್ತಿದ್ದರು. ನೋಡಲಿ ಎಂದು ನಾನೂ ಸುಮ್ಮನಿದ್ದೆ. ಅದರ ಪ್ರತಿ ಕೋಷ್ಟಕವನ್ನೂ ನಾನೇ ಪರೀಕ್ಷಿಸಿದ್ದೆ, ಅದರಲ್ಲಿ ಕ್ರಮದ ತಪ್ಪು ಒಂದೂ ಇರಲಿಲ್ಲ.